34ರಿಂದ 134: ಬೆಕ್ಕುಮೀನುಗಳ ವರ್ಣತಂತು ಲೆಕ್ಕ

ಬೆಕ್ಕುಮೀನುಗಳ ಗಣವಾದ ಸಿಲೂರಿಫಾರ್ಮಿಸ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಬಾಯಿಯ ಸುತ್ತ ಮೀಸೆ, ಹುರುಪೆಯಿಲ್ಲದ ಮೈ, ಕೆಲವಕ್ಕೆ ಹುರುಪೆಯ ಜಾಗದಲ್ಲಿ ಮೂಳೆಫಲಕಗಳ ಕವಚ, ಇವು ಅವುಗಳ ಗುರುತು. ಕಡಲಿನಲ್ಲಿ ಬದುಕುವವು ಕೆಲವೇ ಕೆಲವು. ಬಹುಪಾಲು ಉಷ್ಣವಲಯದ ಹೊಳೆ, ಕೆರೆ, ಜೌಗುಗಳಲ್ಲಿವೆ. ದಕ್ಷಿಣ ಅಮೆರಿಕದ ಲೊರಿಕಾರಿಡೆ ಎಂಬ ಒಂದೇ ಕುಟುಂಬದಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಇಷ್ಟೊಂದು ಬಗೆಗಳು ಹೇಗೆ ಕವಲೊಡೆದವು ಎಂಬುದರ ಸುಳಿವು ಮೀನಿನ ಹೊರಮೈಯಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಅದರ ಜೀವಕೋಶದೊಳಗಿನ ವರ್ಣತಂತುಗಳಲ್ಲಿ ಸಿಗುತ್ತದೆ.

ಮನುಷ್ಯರ ಜೀವಕೋಶದಲ್ಲಿ 46 ವರ್ಣತಂತುಗಳಿರುವಂತೆ ಬೆಕ್ಕುಮೀನುಗಳಲ್ಲಿ ಹೆಚ್ಚಾಗಿ ಕಾಣುವ ಸಂಖ್ಯೆ 56 ಅಥವಾ ಅದರ ಆಸುಪಾಸು. ನಮ್ಮ ಕೆರೆಗಳ ಚೇಳುಮೀನಿಗೆ 56, ಉತ್ತರ ಅಮೆರಿಕದ ಚಾನಲ್ ಕ್ಯಾಟ್‌ಫಿಶ್‌ಗೆ 58, ಮೆಕಾಂಗ್ ನದಿಯಿಂದ ಬಂದು ಭಾರತದ ಕೊಳಗಳಲ್ಲೂ ಬೆಳೆಯುತ್ತಿರುವ ಪಂಗಾಸಿಯಸ್‌ಗೆ 60. ಗಣದ ಮೂಲಪುರುಷ ಮೀನಿಗೂ 56 ಅಥವಾ 58 ಇದ್ದಿರಬೇಕು ಎಂಬ ಅಂದಾಜಿಗೆ ಈ ಹೊಂದಿಕೆಯೇ ಆಧಾರ. ಆದರೆ ಬ್ರೆಜಿಲ್ಲಿನ ಪಂಟನಾಲ್ ಜೌಗುಪ್ರದೇಶದ ಆನ್ಸಿಸ್ಟ್ರಸ್ ಕುಯಾಬೆ ಎಂಬ ಮೀನಿನಲ್ಲಿ ಇರುವುದು 34 ಮಾತ್ರ. ಅದೇ ಖಂಡದ ಕೋರಿಡೋರಾಸ್ ಮೀನುಗಳಲ್ಲಿ ಈ ಸಂಖ್ಯೆ 134ರವರೆಗೂ ಹೋಗುತ್ತದೆ. ಒಂದೇ ಗಣದೊಳಗೆ ಇಷ್ಟು ಅಂತರ ಹುಟ್ಟಿದ್ದು ಎರಡು ಬೇರೆ ದಾರಿಗಳಲ್ಲಿ.

ಲೆಕ್ಕ ಹಿಡಿಯುವ ಕೆಲಸ ಸೂಕ್ಷ್ಮವಾದದ್ದು. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಜೀವಕೋಶ ವಿಭಜನೆಯಾಗುವ ಹೊತ್ತಿನಲ್ಲಿ ಮಾತ್ರ. ಮೀನಿಗೆ ಮೂಳೆಮಜ್ಜೆಯಿಲ್ಲ, ಅದರ ರಕ್ತಕಣಗಳು ಹುಟ್ಟುವುದು ತಲೆಯ ಹಿಂಬದಿಯಲ್ಲಿರುವ ಮೂತ್ರಪಿಂಡದ ಮುಂಭಾಗದಲ್ಲಿ. ಅಲ್ಲಿ ವಿಭಜನೆ ಬಿರುಸಾಗಿರುವುದರಿಂದ ಕೋಶಗಳನ್ನು ಅಲ್ಲಿಂದಲೇ ತೆಗೆಯುತ್ತಾರೆ. ಅದಕ್ಕೂ ಮೊದಲು ಕೊಲ್ಚಿಸಿನ್ ಚುಚ್ಚಿ ವಿಭಜನೆಯನ್ನು ನಡುವೆ ತಡೆಯಲಾಗುತ್ತದೆ. ತೆಳುವಾದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಟ್ಟ ಕೋಶಗಳು ನೀರು ಹೀರಿ ಉಬ್ಬುತ್ತವೆ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಅವನ್ನು ಸ್ಥಿರಗೊಳಿಸಿ ಗಾಜಿನ ಮೇಲೆ ಹನಿಸಿದರೆ ವರ್ಣತಂತುಗಳು ಹರಡಿಕೊಳ್ಳುತ್ತವೆ. ಜೀಮ್ಸಾ ಬಣ್ಣ ಹಾಕಿದ ಮೇಲೆ ಸೂಕ್ಷ್ಮದರ್ಶಕದಡಿ ಎಣಿಸಬಹುದು. ಕೆಲವು ಹರಡುವಿಕೆಗಳಲ್ಲಿ ಒಂದೆರಡು ತಂತುಗಳು ಕಳೆದುಹೋಗಿರುತ್ತವೆ, ಕೆಲವು ಒಂದರ ಮೇಲೊಂದು ಬಿದ್ದಿರುತ್ತವೆ. ಹಾಗಾಗಿ ಪ್ರತಿ ಮೀನಿನಿಂದ ಹಲವು ಕೋಶಗಳನ್ನು ಎಣಿಸಿದ ನಂತರವೇ ಸಂಖ್ಯೆಯನ್ನು ಒಪ್ಪಲಾಗುತ್ತದೆ.

ಬದಲಾವಣೆಯ ಮೊದಲ ದಾರಿ, ತಂತುಗಳು ಒಂದಕ್ಕೊಂದು ಬೆಸೆಯುವುದು ಅಥವಾ ತುಂಡಾಗುವುದು. ತುದಿಯಲ್ಲಿ ಸೆಂಟ್ರೊಮಿಯರ್ (ವಿಭಜನೆಯ ವೇಳೆ ತಂತುವನ್ನು ಎಳೆಯಲು ಹಿಡಿತ ಸಿಗುವ ಜಾಗ) ಇರುವ ಎರಡು ತಂತುಗಳು ಅಲ್ಲೇ ಕೂಡಿಕೊಂಡರೆ ಎರಡು ತೋಳುಗಳ ಒಂದು ದೊಡ್ಡ ತಂತು ಆಗುತ್ತದೆ. ಎಣಿಕೆ ಒಂದು ಇಳಿಯಿತು, ತೋಳುಗಳ ಮೊತ್ತ ಹಾಗೇ ಉಳಿಯಿತು. ಜೀನ್‌ಗಳು ಬಹುತೇಕ ಎಲ್ಲೂ ಹೋಗಲಿಲ್ಲ. ಲೊರಿಕಾರಿಡೆ ಕುಟುಂಬದ ಮೂಲಸಂಖ್ಯೆ 54 ಎಂದು ಪರಿಗಣಿಸಲಾಗಿದೆ. ಬಂಡೆಗೆ ಬಾಯಿ ಅಂಟಿಸಿ ಪಾಚಿ ಕೆರೆದು ತಿನ್ನುವ ಆನ್ಸಿಸ್ಟ್ರಸ್ ಕುಲದಲ್ಲಿ ಅದು 54ರಿಂದ 34ರವರೆಗೆ ಇಳಿದಿದೆ. ರಿನೆಲೊರಿಕಾರಿಯಾ ಕುಲದಲ್ಲಿ 36ರಿಂದ 70ರವರೆಗೆ ಹರಡಿಕೊಂಡಿದೆ. ಅಂದರೆ ಈ ಕುಲದಲ್ಲಿ ಬೆಸುಗೆಯೂ ಆಗಿದೆ, ಒಡಕೂ ಆಗಿದೆ. ಇದರ ಗುರುತು ತಂತುಗಳಲ್ಲೇ ಉಳಿದಿದೆ. ಟೆಲೊಮಿಯರ್ ಎಂಬ ಪುನರಾವರ್ತಿತ ಡಿಎನ್‌ಎ ಸರಣಿ ತಂತುವಿನ ತುದಿಗಳಲ್ಲಿ ಇರಬೇಕಾದದ್ದು. ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕಿನಿಂದ ಅದನ್ನು ಹುಡುಕಿದಾಗ ಕೆಲವು ತಂತುಗಳಲ್ಲಿ ಅದು ನಡುವಿನಲ್ಲೂ ಮಿನುಗುತ್ತದೆ. ಹಿಂದೆ ಅಲ್ಲಿ ಎರಡು ತುದಿಗಳು ಕೂಡಿದ್ದವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಎಲ್ಲಿ ಒಡೆಯುತ್ತದೆ ಎಂಬುದೂ ಪೂರ್ತಿ ಆಕಸ್ಮಿಕವಲ್ಲ. 5ಎಸ್ ರೈಬೋಸೋಮಲ್ ಡಿಎನ್‌ಎ ಎಂಬ, ಒಂದೇ ಪಾಠ ಮತ್ತೆ ಮತ್ತೆ ಬರುವ ಪ್ರದೇಶಗಳು ಈ ಮೀನುಗಳಲ್ಲಿ ಒಡಕಿನ ಜಾಗಗಳ ಬಳಿಯೇ ಕಂಡುಬಂದಿವೆ. ಆ ಭಾಗ ತಂತುವಿನ ದುರ್ಬಲ ಜಾಗ ಎಂದು ಸಂಶೋಧಕರು ತರ್ಕಿಸುತ್ತಾರೆ.

ಇಂಥ ಬದಲಾವಣೆ ಲಿಂಗವನ್ನು ನಿರ್ಧರಿಸುವ ತಂತುವಿನಲ್ಲೇ ಆದರೆ ಏನಾಗುತ್ತದೆ ಎಂಬುದನ್ನು ಆಗ್ನೇಯ ಬ್ರೆಜಿಲ್ಲಿನ ಪರೈಬಾ ದೊ ಸುಲ್ ನದಿಯ ಹಾರ್ಟಿಯಾ ಕಾರ್ವಾಲೋಯಿ ಎಂಬ, ಇದೇ ಲೊರಿಕಾರಿಡೆ ಕುಟುಂಬದ ಮೀನು ತೋರಿಸಿಕೊಡುತ್ತದೆ. ಹೆಣ್ಣಿನಲ್ಲಿ 52 ತಂತುಗಳು, ಗಂಡಿನಲ್ಲಿ 53. ಹೆಣ್ಣಿಗೆ ಎರಡು ದೊಡ್ಡ ಎಕ್ಸ್. ಗಂಡಿಗೆ ಒಂದು ಎಕ್ಸ್, ಅದರ ಜೋಡಿಯ ಜಾಗದಲ್ಲಿ ಎರಡು ಚಿಕ್ಕ ವೈ. ಎಕ್ಸ್‌ಗೆ ಜೊತೆಯಾಗಿದ್ದ ದೊಡ್ಡ ತಂತು ಸೆಂಟ್ರೊಮಿಯರಿನ ಬಳಿ ಎರಡಾದದ್ದರ ಫಲ ಇದು. ವೀರ್ಯಾಣುಗಳು ತಯಾರಾಗುವಾಗ ಈ ಮೂರು ತಂತುಗಳು ಒಂದೆಡೆ ಸೇರುತ್ತವೆ. ಎಕ್ಸ್ ಒಂದು ಕಡೆಗೆ, ಎರಡು ವೈಗಳೂ ಒಟ್ಟಾಗಿ ಇನ್ನೊಂದು ಕಡೆಗೆ ಸರಿಯುತ್ತವೆ. ಹಾಗಾಗಿ ಕೆಲವು ವೀರ್ಯಾಣುಗಳಲ್ಲಿ 26 ತಂತು, ಕೆಲವುಗಳಲ್ಲಿ 27. ಮೊಟ್ಟೆಯಲ್ಲಿ ಯಾವಾಗಲೂ 26. ಮೊದಲನೆಯದು ಕೂಡಿದರೆ 52ರ ಹೆಣ್ಣುಮರಿ, ಎರಡನೆಯದು ಕೂಡಿದರೆ 53ರ ಗಂಡುಮರಿ. ಟೊಕಾಂಟಿನ್ಸ್ ನದಿ ವ್ಯವಸ್ಥೆಯ ಹಾರ್ಟಿಯಾ ಪಂಕ್ಟಾಟಾದಲ್ಲಿ ಲೆಕ್ಕ ಇದಕ್ಕೆ ತಿರುವುಮುರುವು: ಹೆಣ್ಣಿಗೆ 58, ಗಂಡಿಗೆ 57. ಒಂದೇ ಕುಲದೊಳಗೆ, ಬೇರೆ ಬೇರೆ ನದಿಗಳಲ್ಲಿ, ಲಿಂಗ ನಿರ್ಧಾರದ ವ್ಯವಸ್ಥೆಯೇ ಹೀಗೆ ಹೊಸದಾಗಿ ಕಟ್ಟಿಕೊಂಡಿರುವುದು ಕಶೇರುಕಗಳಲ್ಲಿ ಸಾಮಾನ್ಯವಲ್ಲ.

ಲೊರಿಕಾರಿಡೆಯಲ್ಲೇ ಇಷ್ಟು ಏರುಪೇರು ಏಕೆ ಎಂಬುದಕ್ಕೆ ಅವುಗಳ ಬದುಕಿನ ರೀತಿಯಲ್ಲಿ ಉತ್ತರವಿದೆ. ಬೆಸೆದ ತಂತುವೊಂದು ಒಂದು ಮೀನಿನಲ್ಲಿ ಹುಟ್ಟಿದರೆ ಮೊದಮೊದಲು ಅದು ತೊಡಕೇ. ಅಪ್ಪನಿಂದ ಬಂದ ತಂತುಗಳಿಗೂ ಅವ್ವನಿಂದ ಬಂದ ತಂತುಗಳಿಗೂ ಸರಿಯಾದ ಜೋಡಿ ಕೂಡದೆ ಫಲವಂತಿಕೆ ಕುಗ್ಗಬಹುದು. ದೊಡ್ಡ ಸಂಖ್ಯೆಯ ಮೀನುಗಳ ನಡುವೆ ಅಂಥ ಬದಲಾವಣೆ ಅಳಿಸಿಹೋಗುತ್ತದೆ. ಜಲಪಾತ, ಕಂದಕಗಳ ನಡುವಿನ ಹಳ್ಳವೊಂದರಲ್ಲಿ ಸಿಕ್ಕಿಬಿದ್ದ ಸಣ್ಣ ಗುಂಪಿನಲ್ಲಾದರೆ ಅದು ಬರೀ ಆಕಸ್ಮಿಕವಾಗಿ ಎಲ್ಲ ಮೀನುಗಳಿಗೂ ಹರಡಿ ನೆಲೆನಿಲ್ಲಬಹುದು. ಹಾರ್ಟಿಯಾ, ಆನ್ಸಿಸ್ಟ್ರಸ್‌ಗಳು ಕಲ್ಲಿಗೆ ಕಚ್ಚಿಕೊಂಡು ಬದುಕುವ, ದೂರ ಈಜದ ಮೀನುಗಳು. ಇದಕ್ಕೆ ವಿರುದ್ಧ ಉದಾಹರಣೆ ಪಿಮೆಲೊಡಿಡೆ ಕುಟುಂಬ. ಅಮೆಜಾನಿನ ದೌರಾಡಾ ಎಂಬ ಬೆಕ್ಕುಮೀನು ಈ ಕುಟುಂಬದ್ದು. ಅದು ಆಂಡಿಸ್ ತಪ್ಪಲಿನಲ್ಲಿ ಹುಟ್ಟಿ, ಅಮೆಜಾನ್ ಅಳಿವೆಯವರೆಗೂ ತೇಲಿ, ಬೆಳೆದ ಮೇಲೆ ಮರಳಿ ಮೊಟ್ಟೆಯಿಡಲು ಹೋಗುತ್ತದೆ. ಒಟ್ಟು ದಾರಿ 11,000 ಕಿಲೋಮೀಟರಿಗೂ ಹೆಚ್ಚು. ಇಂಥ ದೂರಪ್ರಯಾಣಿಗರಿರುವ ಈ ಕುಟುಂಬದಲ್ಲಿ ಬಹುತೇಕ ಪ್ರಭೇದಗಳ ತಂತುಸಂಖ್ಯೆ ಇನ್ನೂ 56ರಲ್ಲೇ ನಿಂತಿದೆ.

ಎರಡನೆಯ ದಾರಿ ಹೆಚ್ಚು ನಾಟಕೀಯ. ಇಲ್ಲಿ ಇಡೀ ಜೀನೋಮೇ ಇಮ್ಮಡಿಯಾಗುತ್ತದೆ. ಕೋರಿಡೋರಾಸ್ ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲೂ ಸಿಗುವ, ತೊಟ್ಟಿಯ ತಳದಲ್ಲಿ ಮೂಸುತ್ತಾ ಓಡಾಡುವ ಬೆರಳುದ್ದದ ಮೀನು. ಈ ಬಳಗದಲ್ಲಿ ತಂತುಗಳು 40ರಿಂದ 134ರವರೆಗಿವೆ. ಒಂಟಿ ಜೀನೋಮಿನ ಡಿಎನ್‌ಎ ತೂಕ ಸುಮಾರು 0.5 ಪಿಕೋಗ್ರಾಂನಿಂದ 4 ಪಿಕೋಗ್ರಾಂ ಮೀರುವವರೆಗೆ ಬದಲಾಗುತ್ತದೆ. ಮನುಷ್ಯರದ್ದು 3.3ರ ಸುಮಾರು. ಬೆರಳುದ್ದದ ಮೀನಿನ ಕೋಶದಲ್ಲಿ ಮನುಷ್ಯನದಕ್ಕಿಂತ ಹೆಚ್ಚು ಡಿಎನ್‌ಎ ಇರಬಹುದು ಎಂದಾಯಿತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಎರಡು ಕಾರಣ ಕಂಡಿತು. ಈ ವಂಶದಲ್ಲಿ ಜೀನೋಮ್ ಒಂದಕ್ಕಿಂತ ಹೆಚ್ಚು ಬಾರಿ ಇಮ್ಮಡಿಯಾಗಿದೆ. ಅದರ ಜೊತೆಗೆ, ಜೀನೋಮಿನೊಳಗೆ ಜಾಗ ಬದಲಿಸುವ ಟ್ರಾನ್ಸ್‌ಪೋಸಾನ್‌ಗಳು, ಅದರಲ್ಲೂ ಟಿಸಿ1-ಮ್ಯಾರಿನರ್ ಬಗೆಯವು, ವಿಪರೀತ ಹೆಚ್ಚಿವೆ.

ಈ ಹೆಚ್ಚುವರಿ ಡಿಎನ್‌ಎಯಿಂದ ಮೀನಿಗೆ ಏನು ಲಾಭ ಎಂದು ಕೇಳಲು ಪ್ರಕೃತಿಯೇ ಒಳ್ಳೆಯ ಪ್ರಯೋಗ ಒದಗಿಸಿದೆ. ಕೋರಿಡೋರಾಸ್‌ಗಳ ಬೆನ್ನು ಮತ್ತು ಎದೆಯ ಮುಳ್ಳುಗಳು ನೆಟ್ಟಗೆ ನಿಂತು ಬಿಗಿಯಾಗುತ್ತವೆ, ನುಂಗಲು ಬಂದ ಬೇಟೆಮೀನಿಗೆ ಪಾಠ ಕಲಿಸುತ್ತವೆ. ಆದ್ದರಿಂದ ಒಂದೇ ಹೊಳೆಯ ಬೇರೆ ಬೇರೆ ಪ್ರಭೇದಗಳು ಒಂದೇ ಬಣ್ಣ, ಒಂದೇ ಚುಕ್ಕೆಗೆ ಬಂದು ನಿಂತಿವೆ. ಬೇಟೆಗಾರ ಒಂದನ್ನು ಕಚ್ಚಿ ನೊಂದರೆ ಉಳಿದವುಗಳಿಗೂ ರಕ್ಷೆ. ಹೀಗೆ ಜೊತೆಯಾಗಿ ಈಜುವವು ಹತ್ತಿರದ ಬಂಧುಗಳಲ್ಲ ಎಂಬುದನ್ನು 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಒಂದರ ಮೂತಿ ಉದ್ದ, ಇನ್ನೊಂದರದು ಗಿಡ್ಡ. ತಿನ್ನುವ ಆಹಾರ ಬೇರೆಯಾದ್ದರಿಂದ ಜಗಳವಿಲ್ಲ. ಅರಾಗ್ವಾಯಾ ನದಿಯ ಹೊಳೆಗಳಲ್ಲಿ ಹೀಗೆ ಜೊತೆಗಿರುವ ಎರಡು ಪ್ರಭೇದಗಳಲ್ಲಿ ಒಂದರ ಜೀನೋಮ್ ಮಾಮೂಲಿ, ಇನ್ನೊಂದರದು ಇಮ್ಮಡಿಸಿದ್ದು. ಇಮ್ಮಡಿಸಿದ ಮೀನಿನಲ್ಲಿ ರೋಗಾಣುಗಳನ್ನು ಗುರುತಿಸುವ ಟಿಎಲ್‌ಆರ್ ಜೀನ್‌ಗಳ ರೂಪಭೇದಗಳು ಹೆಚ್ಚಿದ್ದವು, ಪರಾವಲಂಬಿಗಳು ಕಡಿಮೆಯಿದ್ದವು. ಇಷ್ಟು ಭಿನ್ನ ವಂಶಗಳನ್ನು ಒಂದೇ ಹೆಸರಿನಡಿ ಇಡುವುದು ಸರಿಯಲ್ಲ ಎಂದು 2024ರಲ್ಲಿ ಕೋರಿಡೋರಾಸ್ ಕುಲವನ್ನು ಹಲವು ಕುಲಗಳಾಗಿ ಬಿಡಿಸಲಾಯಿತು. ಆ ಕೆಲಸ ಬಹಳ ತಡವಾಗಿಯೇ ಆಯಿತೆನ್ನಬೇಕು.

ಏಷ್ಯಾದಲ್ಲಿ ತಂತುಗಳ ಲೆಕ್ಕ ಇನ್ನೊಂದು ಬಗೆಯ ಗೋಜಲನ್ನು ಬಯಲಿಗೆ ತಂದಿತು. ಗಾಳಿಯನ್ನೂ ಉಸಿರಾಡಬಲ್ಲ, ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ತೆವಳಿ ಹೋಗಬಲ್ಲ ಕ್ಲೇರಿಯಸ್ ಮೀನುಗಳನ್ನು ಭಾರತದಿಂದ ಇಂಡೋನೇಷ್ಯಾದವರೆಗೆ ಬಹುಕಾಲ ಕ್ಲೇರಿಯಸ್ ಬಟ್ರಾಕಸ್ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿತ್ತು. ಭಾರತದ ಮೀನಿನಲ್ಲಿ ಎಣಿಸಿದಾಗ 50 ತಂತುಗಳು. ಥಾಯ್ಲೆಂಡಿನಲ್ಲಿ ಅದೇ ಹೆಸರಿನ ಮೀನಿನಲ್ಲಿ 100ರ ಆಸುಪಾಸು. ಇವೆರಡೂ ಒಂದೇ ಪ್ರಭೇದವಾಗಿರುವುದು ಸಾಧ್ಯವೇ ಇರಲಿಲ್ಲ. 2008ರಲ್ಲಿ ಬಟ್ರಾಕಸ್ ಎಂಬ ಹೆಸರನ್ನು ಜಾವಾದ ಮೀನಿಗೆ ಮೀಸಲಿಡಲಾಯಿತು. ಭಾರತದ ಮೀನಿಗೆ ನಿಸರ್ಗತಜ್ಞ ಹ್ಯಾಮಿಲ್ಟನ್ 1822ರಲ್ಲೇ ಕೊಟ್ಟಿದ್ದ ಮಾಗುರ್ ಎಂಬ ಹೆಸರು ಹಿಂದಿರುಗಿ ಬಂತು. ಬಿಹಾರದ ರಾಜ್ಯಮೀನು ಇದೇ. ಪಶ್ಚಿಮ ಘಟ್ಟದ ಹೊಳೆ, ಗದ್ದೆಗಳಲ್ಲಿರುವ, ತುಳುನಾಡಿನಲ್ಲಿ ಮುಗುಡು ಎನ್ನುವ ಕ್ಲೇರಿಯಸ್ ಡುಸುಮಿಯರಿ ಬೇರೆಯದೇ ಪ್ರಭೇದ.

ಹೊರಗಿನ ರೂಪವನ್ನು ನಂಬಿದರೆ ಎಷ್ಟು ತಪ್ಪಿಹೋಗುತ್ತದೆ ಎಂಬುದಕ್ಕೆ ಕೇರಳದ ಮುರಕಲ್ಲಿನ ಅಡಿಯ ಅಂತರ್ಜಲದಲ್ಲಿರುವ ಹೊರಾಗ್ಲಾನಿಸ್ ಇನ್ನೊಂದು ಸಾಕ್ಷಿ. ಕಣ್ಣಿಲ್ಲದ, ಕೆಂಪುಮೈಯ, ಕೆಲವೇ ಸೆಂಟಿಮೀಟರ್ ಉದ್ದದ ಈ ಮೀನು ಮನೆಬಾವಿಯ ಕೊಡದಲ್ಲೋ ನಲ್ಲಿಯಲ್ಲೋ ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಊರವರು ಒಪ್ಪಿಸಿದ ಮೀನುಗಳನ್ನೇ ಆಧರಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ನೋಡಲು ಬೇರ್ಪಡಿಸಲಾಗದಷ್ಟು ಒಂದೇ ತರಹ ಇರುವ ಗುಂಪುಗಳ ಡಿಎನ್‌ಎ ತೀರಾ ಭಿನ್ನವಾಗಿತ್ತು. ಹೊಸ ಪ್ರಭೇದಕ್ಕೆ ಜನರ ಗೌರವಾರ್ಥ ಹೊರಾಗ್ಲಾನಿಸ್ ಪಾಪುಲಿ ಎಂದು ಹೆಸರಿಡಲಾಯಿತು.

ಈ ವೈವಿಧ್ಯಕ್ಕೆ ಈಗ ಎದುರಾಗಿರುವ ಅಪಾಯವೂ ತಂತುಗಳ ಲೆಕ್ಕದಲ್ಲೇ ಕಾಣಿಸುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಎಂದು ಕರೆಯುವ ಕ್ಲೇರಿಯಸ್ ಗರೀಪಿನಸ್‌ನಲ್ಲಿ 56 ತಂತುಗಳು. ಥಾಯ್ಲೆಂಡಿನ ದೇಶಿ ಮೀನು ಕ್ಲೇರಿಯಸ್ ಮ್ಯಾಕ್ರೊಸೆಫಾಲಸ್‌ನಲ್ಲಿ 54. ಬೇಗ ಬೆಳೆಯುವ ಆಫ್ರಿಕದ ಗಂಡನ್ನು ರುಚಿಯಾದ ಥಾಯ್ ಹೆಣ್ಣಿನ ಜೊತೆ ಕೂಡಿಸಿ ಪಡೆದ 55 ತಂತುಗಳ ಮಿಶ್ರತಳಿ ಅಲ್ಲಿನ ಮೀನುಸಾಕಣೆಯನ್ನೇ ಆಳುತ್ತಿದೆ. ಈ ಮಿಶ್ರತಳಿ ಪೂರ್ತಿ ಬಂಜೆಯಲ್ಲ. ಕೊಳಗಳಿಂದ ಹೊರಬಿದ್ದ ಮೀನುಗಳ ಮೂಲಕ ಆಫ್ರಿಕದ ಜೀನ್‌ಗಳು ಕಾಡುಮೀನಿನ ಸಂತತಿಗೆ ಸೇರಿರುವುದನ್ನು 2004ರಲ್ಲಿ ಪ್ರಕಟವಾದ ಅಧ್ಯಯನಗಳು ಗುರುತಿಸಿವೆ. ಭಾರತದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ; ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಅದನ್ನು ತಡೆಯುವಂತೆ ಆದೇಶಿಸಿದೆ. ಹಾಗಿದ್ದರೂ ಬೆಂಗಳೂರಿನ ಹೊರವಲಯ ಸೇರಿದಂತೆ ಹಲವೆಡೆ ಅಕ್ರಮ ಹೊಂಡಗಳು ಪತ್ತೆಯಾಗುತ್ತಲೇ ಇವೆ. ಅಳಿವಿನಂಚಿನ ಪಟ್ಟಿಗೆ ಸೇರಿರುವ ಮಾಗುರ್‌ಗೆ ಇದು ನೇರ ಅಪಾಯ.

ಮಾಗುರ್ ಮತ್ತು ಆಫ್ರಿಕದ ಮೀನಿನ ಮೊದಲ ತಲೆಮಾರಿನ ಮಿಶ್ರಮರಿಯನ್ನು ಪತ್ತೆ ಮಾಡುವುದು ಕಷ್ಟವಲ್ಲ: 25 ಮತ್ತು 28 ಕೂಡಿ ಅದರ ಕೋಶದಲ್ಲಿ 53 ತಂತುಗಳಿರುತ್ತವೆ. ಅಂಥ ಮರಿ ಮತ್ತೆ ಮಾಗುರ್ ಜೊತೆ ಕೂಡಿ ಮುಂದಿನ ತಲೆಮಾರುಗಳು ಹುಟ್ಟಿದರೆ ಎಣಿಕೆ ಮೆಲ್ಲನೆ 50ರತ್ತ ಜಾರುತ್ತದೆ, ಪರಕೀಯ ಜೀನ್‌ಗಳು ಮಾತ್ರ ಒಳಗೇ ಉಳಿಯುತ್ತವೆ. ಆ ಹಂತದಲ್ಲಿ ಸೂಕ್ಷ್ಮದರ್ಶಕದ ಲೆಕ್ಕ ಸಾಲದು. ಮರಿ ಉತ್ಪಾದನಾ ಕೇಂದ್ರಕ್ಕೆ ತರುವ ಪ್ರತಿಯೊಂದು ತಾಯಿಮೀನು, ತಂದೆಮೀನುಗಳ ಡಿಎನ್‌ಎಯನ್ನೇ ಗುರುತುಸರಣಿಗಳ ಮೂಲಕ ಪರೀಕ್ಷಿಸಬೇಕಾಗುತ್ತದೆ.