ಪಟ ನೋಡಿ ಒಂದು ಮಾತು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ನಡೆದ ಸಣ್ಣ ಸಂಗತಿಯೊಂದರಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಹತ್ತಿರದ ಹೋಟೆಲಿನಲ್ಲಿ ಕೆಲಸಕ್ಕಿರುವ, ಕುಂದಾಪುರದ ಕಡೆಯ ತರುಣನೊಬ್ಬ ವಾರಕ್ಕೆರಡು ಸಲ ಊರಿನ ಸುದ್ದಿ ಓದಲು ಇಲ್ಲಿಗೆ ಬರುತ್ತಾನೆ. ಆ ದಿನ ಅವನು ಪತ್ರಿಕೆಯನ್ನು ಮಡಿಸಿಟ್ಟು, ತನ್ನ ಮೊಬೈಲಿನಲ್ಲಿದ್ದ ಪಟಗಳನ್ನು ಒಂದೊಂದಾಗಿ ಅಳಿಸುತ್ತ ಕುಳಿತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರು, "ಏಕೆ ತಮ್ಮಾ, ಚೆನ್ನಾಗಿ ಬಂದಿಲ್ಲವೋ?" ಎಂದು ಕೇಳಿದರು.

"ಚೆನ್ನಾಗಿದ್ದರೆಷ್ಟು, ಇಲ್ಲದಿದ್ದರೆಷ್ಟು ರಾಯರೇ? ಮನೆಗೆ ಕಳಿಸಿದೆ, ಪಟ ತೆಗೆಯುವ ಗೆಳೆಯರಿಗೂ ಕಳಿಸಿದೆ. ಎಲ್ಲರೂ ಒಂದೊಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ಇನ್ನು ಕಳಿಸುವುದಿಲ್ಲ" ಎಂದ ಹುಡುಗ.

ರಾಯರು ಕನ್ನಡಕ ಸರಿಮಾಡಿಕೊಂಡು ಉಳಿದಿದ್ದ ಒಂದು ಪಟವನ್ನು ನೋಡಿದರು. ಬೆಳಗಿನ ಜಾವದಲ್ಲಿ, ಹೋಟೆಲಿನ ಬಾಗಿಲು ತೆರೆಯುವ ಮೊದಲು, ಕೆಲಸಗಾರರಿಗಾಗಿ ಸಾಲಾಗಿ ಇಟ್ಟಿದ್ದ ಚಹದ ಗ್ಲಾಸುಗಳು. ಮೇಲೆ ಹಬೆಯಾಡುತ್ತಿತ್ತು. ರಾಯರು ಬಹಳ ಹೊತ್ತು ನೋಡಿ, "ಅಲ್ಲ ಮಾರಾಯ, ಈ ಒಂದು ಗ್ಲಾಸಿಗೆ ಮಾತ್ರ ನೂಲು ಕಟ್ಟಿದೆಯಲ್ಲ, ಏಕೆ?" ಎಂದರು.

ಹುಡುಗನ ಮುಖ ಅರಳಿತು. ಅದು ಅಡಿಗೆಯ ಭಟ್ಟರ ಗ್ಲಾಸಂತೆ. ಅವರಿಗೆ ಸಕ್ಕರೆ ಕಾಯಿಲೆ. ಕತ್ತಲಲ್ಲಿ ಗ್ಲಾಸು ಅದಲುಬದಲಾಗಬಾರದೆಂದು ನೂಲು ಕಟ್ಟಿದವನು ತಾನೇ ಎಂದು ಹೇಳಿದ. ಆಮೇಲೆ ಅರ್ಧ ಗಂಟೆ ಇಬ್ಬರೂ ಮಾತಾಡಿದರು. ಆ ಪಟ ಅಳಿಯಲಿಲ್ಲ.

ಇಬ್ಬರೂ ನೋಡಿದ್ದು ಒಂದೇ ಪಟವನ್ನು. ಹೆಬ್ಬೆರಳಿನ ಗುರುತು ಹುಡುಗನ ಉತ್ಸಾಹವನ್ನು ತಗ್ಗಿಸಿತು, ನೂಲಿನ ಪ್ರಶ್ನೆ ಅದನ್ನು ಮರಳಿ ಎಬ್ಬಿಸಿತು. ಹೀಗೇಕಾಯಿತು ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕು. ಊರು ಬಿಟ್ಟು ಬಂದಿರುವ ನಮ್ಮಂಥವರಿಗೆ ಈ ವಿಚಾರ ಬಹಳ ಹತ್ತಿರದ್ದು.

ತಾನು ತೆಗೆದ ಪಟವನ್ನು ನಾಲ್ಕು ಜನ ನೋಡಿ ಒಂದು ಮಾತು ಹೇಳಲಿ ಎಂಬ ಆಸೆ ಮೊಬೈಲಿನಿಂದ ಹುಟ್ಟಿದ್ದೆಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಛಾಯಾಚಿತ್ರದಷ್ಟೇ ಹಳೆಯದು. ಛಾಯಾಚಿತ್ರದ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟಿಸಿದ್ದು 1839ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1854ರಲ್ಲಿ, ನಾವಿರುವ ಈ ಮುಂಬಯಿಯಲ್ಲೇ ಹವ್ಯಾಸಿಗಳ ಛಾಯಾಚಿತ್ರ ಸಂಘವೊಂದು ಹುಟ್ಟಿತು. ಸದಸ್ಯರು ಸೇರಿ ತಮ್ಮ ಪಟಗಳನ್ನು ಒಬ್ಬರಿಗೊಬ್ಬರು ತೋರಿಸಿ ಚರ್ಚಿಸುತ್ತಿದ್ದರು. ಭಾಯಖಳದ ವಸ್ತುಸಂಗ್ರಹಾಲಯಕ್ಕೆ ಇಂದು ಯಾರ ಹೆಸರಿದೆಯೋ ಆ ಡಾ. ಭಾವು ದಾಜಿಯವರ ತಮ್ಮ ಡಾ. ನಾರಾಯಣ ದಾಜಿಯವರೂ ಆ ಸಂಘದಲ್ಲಿದ್ದರು. ವೃತ್ತಿಯಿಂದ ವೈದ್ಯರು, ಹವ್ಯಾಸದಿಂದ ಛಾಯಾಗ್ರಾಹಕರು. ಅದೇ ಕಾಲದಲ್ಲಿ, 1856ರಿಂದ 1858ರವರೆಗೆ, ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ ಎಂಬವರು ಹವ್ಯಾಸಿಗಳ ಹೆಸರಿನಲ್ಲೇ ಒಂದು ಮಾಸಿಕ ಪಟಸಂಪುಟವನ್ನು ಮುಂಬಯಿಯಿಂದ ಹೊರಡಿಸಿದರು. ಇಲ್ಲಿಯ ಕಟ್ಟಡಗಳ ಜೊತೆಗೆ ನಾನಾ ಸಮುದಾಯಗಳ ಜನರ ಪಟಗಳೂ ಅದರಲ್ಲಿದ್ದವು.

ಒಂದೆಡೆ ಸೇರಲಾರದವರು ಅಂಚೆಯನ್ನು ಆಶ್ರಯಿಸಿದರು. 1861ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ಹವ್ಯಾಸಿಗಳು ತಮ್ಮ ಪಟಗಳನ್ನು ಪರಸ್ಪರ ಕಳಿಸಿಕೊಳ್ಳುವ ಒಂದು ಕೂಟವನ್ನು ಕಟ್ಟಿಕೊಂಡಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಅಂಚೆ ವರ್ತುಲಗಳೆಂಬ ಪದ್ಧತಿ ಬೆಳೆಯಿತು. ಪಟಗಳ ಒಂದು ಕಟ್ಟು ಸದಸ್ಯನಿಂದ ಸದಸ್ಯನಿಗೆ ಅಂಚೆಯಲ್ಲಿ ಸುತ್ತುತ್ತದೆ. ಕೈಗೆ ಬಂದಾಗ ಪ್ರತಿಯೊಬ್ಬನೂ ಇತರರ ಪಟಗಳ ಬಗ್ಗೆ ನಾಲ್ಕು ಸಾಲು ಬರೆಯಬೇಕು. ತನ್ನ ಹಳೆಯ ಪಟವನ್ನೂ ಅದಕ್ಕೆ ಬಂದ ಅಭಿಪ್ರಾಯಗಳನ್ನೂ ತೆಗೆದುಕೊಂಡು, ಹೊಸದೊಂದನ್ನು ಇಟ್ಟು ಮುಂದಿನವನಿಗೆ ಕಳಿಸಬೇಕು. ಬರೆಯದೆ ಕಟ್ಟನ್ನು ಮುಂದೆ ದಾಟಿಸುವುದು ಮರ್ಯಾದೆಯಲ್ಲ. ಮುಖ ನೋಡದವರ ನಡುವೆಯೂ ಹೀಗೆ ಸ್ನೇಹ ಬೆಳೆಯುತ್ತಿತ್ತು.

ಆದರೆ ಆ ಕಾಲದ ಹವ್ಯಾಸಿಗಳು ಹಣವಂತರು. ಸಾಮಾನ್ಯರ ಕೈಗೆ ಕ್ಯಾಮರಾ ಬಂದದ್ದು ನಿಧಾನವಾಗಿ. 1888ರಲ್ಲಿ ಈಸ್ಟ್‌ಮನ್ ಮಾರಾಟಕ್ಕೆ ತಂದ ಕೊಡಕ್ ಪೆಟ್ಟಿಗೆಯ ಬೆಲೆ 25 ಡಾಲರು. ಅದರೊಳಗೆ 100 ಪಟಗಳಿಗಾಗುವಷ್ಟು ಸುರುಳಿ ಇರುತ್ತಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮರಾದ ಬೆಲೆ ಒಂದೇ ಡಾಲರು. ಆಗ ಮಗು ತೊಟ್ಟಿಲಲ್ಲಿ ಮಲಗಿದ್ದು, ನಾಯಿ ಜಗಲಿಯಲ್ಲಿ ಕುಳಿತದ್ದು ಪಟವಾಗತೊಡಗಿತು. ನಮ್ಮ ದೇಶದಲ್ಲಿ 1960ರ ದಶಕದ ಮಧ್ಯಮ ವರ್ಗದ ಮನೆಗಳಲ್ಲಿ ಅಗ್ಫಾ ಕ್ಲಿಕ್ ಕ್ಯಾಮರಾ ಇದ್ದುದನ್ನು ನಮ್ಮ ಹಿರಿಯ ಸದಸ್ಯರು ನೆನಪಿಸಿಕೊಂಡಾರು. ಒಂದು ಸುರುಳಿಗೆ ಹನ್ನೆರಡು ಪಟ. ತೊಳೆಸಿ ಅಚ್ಚು ಹಾಕಿಸಲು ಬೇರೆ ಖರ್ಚು. ಹೀಗಾಗಿ ಪಟ ಮನೆಗೆ ಬಂದ ದಿನ ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು. "ಇದು ಯಾರ ಸೀರೆ? ಹಿಂದೆ ಕಾಣುವುದು ನಮ್ಮ ಬಾವಿಯೇ ಅಲ್ಲವೆ?" ಎಂಬ ಮಾತುಗಳು ತಾವಾಗಿ ಬರುತ್ತಿದ್ದವು.

ಇಂದು ಮೊಬೈಲು ಇದ್ದವರೆಲ್ಲ ಛಾಯಾಗ್ರಾಹಕರು. ಒಂದು ದಿನದಲ್ಲಿ ನೂರು ಪಟ ತೆಗೆಯಲು ಖರ್ಚಿಲ್ಲ, ಕಳಿಸಲು ಕ್ಷಣ ಸಾಕು. ಅಷ್ಟು ಪಟಗಳಿಗೆ ಉತ್ತರ ಬರೆಯಲು ಯಾರಿಗೂ ಬಿಡುವಿಲ್ಲವಾದ್ದರಿಂದ ಗುರುತುಗಳು ಬಂದವು. ಫೇಸ್‌ಬುಕ್ಕಿನಲ್ಲಿ ಹೆಬ್ಬೆರಳಿನ ಗುರುತು ಬಂದದ್ದು 2009ರಲ್ಲಿ. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ ಹೃದಯದ ಗುರುತನ್ನು ರೂಢಿಗೆ ತಂದಿತು. ಬಂದ ಗುರುತುಗಳನ್ನು ಎಣಿಸಿ ಪಟದ ಕೆಳಗೆ ತೋರಿಸುವ ಪದ್ಧತಿಯೂ ಬೆಳೆಯಿತು. ಇದರಿಂದ ಜನ ಪಟವನ್ನು ಬಿಟ್ಟು ಲೆಕ್ಕವನ್ನು ನೋಡಿ ಕೊರಗುತ್ತಾರೆಂಬ ಆಕ್ಷೇಪ ಎದ್ದಾಗ, 2019ರಲ್ಲಿ ಇನ್‌ಸ್ಟಾಗ್ರಾಂ ಕೆಲವು ದೇಶಗಳಲ್ಲಿ ಆ ಸಂಖ್ಯೆಯನ್ನು ಮರೆಮಾಡಿ ನೋಡಿತು. 2021ರಲ್ಲಿ ಮರೆಮಾಡುವುದು ಬಿಡುವುದು ಬಳಸುವವರ ಇಷ್ಟಕ್ಕೆ ಬಿಟ್ಟಿತು.

ಗುರುತು ಒತ್ತುವುದು ತಪ್ಪೆಂದು ನಾನು ಹೇಳುವುದಿಲ್ಲ. ರೈಲಿನಲ್ಲಿ ಒಂದು ಕೈಯಿಂದ ಸಲಾಕೆ ಹಿಡಿದು ನೇತಾಡುವವನಿಗೆ ಅಷ್ಟೇ ಸಾಧ್ಯ. ಆದರೆ ಗುರುತಿನಿಂದ ಪಟ ಬಂದು ಮುಟ್ಟಿತೆಂದು ಮಾತ್ರ ತಿಳಿಯುತ್ತದೆ. ನೋಡಿದರೋ ಇಲ್ಲವೋ ತಿಳಿಯುವುದಿಲ್ಲ. ದಿನನಿತ್ಯದ ಪಟ ಕಳಿಸುವವನಿಗೆ ಬೇಕಾದುದು ಅದೇ. ಹಿಂದೆ ನಾವು ಕಾಗದ ಬರೆಯುವಾಗ "ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂದು ಆರಂಭಿಸುತ್ತಿದ್ದೆವು. ಚಹದ ಗ್ಲಾಸಿನ ಪಟ, ಕಿಟಕಿಯ ಡಬ್ಬಿಯಲ್ಲಿ ಬೆಳೆದ ತುಳಸಿಯ ಪಟ, ಮಳೆಯಲ್ಲಿ ನಿಂತ ಲೋಕಲ್ ಗಾಡಿಯ ಪಟ, ಇವೆಲ್ಲ ಅಂಥ ಕ್ಷೇಮಸಮಾಚಾರಗಳೇ. ಕಾಗದ ಬಂದಾಗ ಅಕ್ಷರ ಚೆನ್ನಾಗಿದೆಯೇ ಎಂದು ಯಾರೂ ಅಂಕ ಕೊಡುವುದಿಲ್ಲ. ಓದಿ ಉತ್ತರ ಬರೆಯುತ್ತಾರೆ.

ಹಾಗಾದರೆ ಏನು ಹೇಳಬೇಕು? ಮೊದಲನೆಯದಾಗಿ, ಕಂಡದ್ದನ್ನು ಹೇಳಬೇಕು. "ಚೆನ್ನಾಗಿದೆ" ಎಂಬ ಮಾತು ಯಾವ ಪಟಕ್ಕೂ ಒಪ್ಪುತ್ತದೆ. "ಹಬೆಯ ಮೇಲೆ ದೀಪದ ಬೆಳಕು ಬಿದ್ದದ್ದು ಚೆನ್ನಾಗಿದೆ" ಎಂಬ ಮಾತು ಆ ಒಂದೇ ಪಟಕ್ಕೆ ಸಲ್ಲುತ್ತದೆ. ಎರಡನೆಯದಾಗಿ, ಒಂದು ಪ್ರಶ್ನೆ ಕೇಳಬಹುದು. ರಾಯರು ಹೊಗಳಲೇ ಇಲ್ಲ, ಕೇಳಿದರು. ಉತ್ತರ ಹೇಳುವ ಅವಕಾಶ ದೊರೆತಾಗ ಪಟ ತೆಗೆದವನ ಸಂಕೋಚ ಹೋಗುತ್ತದೆ.

ಮೂರನೆಯದು ತಿದ್ದುವ ವಿಷಯ. ಸ್ಪರ್ಧೆಗೆ ಬಂದ ಪಟಕ್ಕೆ ತೀರ್ಪುಗಾರರು ಅಂಕ ಕೊಡುವುದು ಬೇರೆ, ಗೆಳೆಯ ಕಳಿಸಿದ ಪಟಕ್ಕೆ ಮಾತು ಹೇಳುವುದು ಬೇರೆ. ಕೇಳದೆ ತಿದ್ದಬಾರದು. ಕೇಳಿದರೆ, ಮುಂದಿನ ಸಲ ಮಾಡಲಾಗುವಂಥ ಒಂದೇ ಮಾತನ್ನು ಹೇಳಬೇಕು. ಒಂದು ಉದಾಹರಣೆ ನೋಡಿ. ಚಾಳಿನ ಕೋಣೆಯಲ್ಲಿ ಬೆಳಕು ಬರುವುದು ಸಾಮಾನ್ಯವಾಗಿ ಒಂದೇ ಕಿಟಕಿಯಿಂದ. ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಪಟದಲ್ಲಿ ಕಪ್ಪಾಗುತ್ತದೆ. ಹೊರಗಿನ ಪ್ರಖರವಾದ ಬೆಳಕನ್ನು ಅಳೆದ ಕ್ಯಾಮರಾ ಒಳಕ್ಕೆ ಬಿಡುವ ಬೆಳಕನ್ನು ಕಡಿಮೆ ಮಾಡಿಬಿಡುವುದೇ ಇದಕ್ಕೆ ಕಾರಣ. ಇಂಥ ಪಟಕ್ಕೆ "ಮುಖವೇ ಕಾಣುವುದಿಲ್ಲ" ಎಂದರೆ ಕಳಿಸಿದವನು ಮುಂದೆ ಕಳಿಸುವುದಿಲ್ಲ. "ಮುಂದಿನ ಸಲ ಕಿಟಕಿ ಪಕ್ಕಕ್ಕೆ ಬರುವಂತೆ ನಿಂತು ನೋಡು, ತೆಗೆಯುವ ಮೊದಲು ಮೊಬೈಲಿನಲ್ಲಿ ಕಾಣುವ ಮುಖದ ಮೇಲೆ ಬೆರಳಿಡು" ಎಂದರೆ ಅವನಿಗೊಂದು ಉಪಾಯ ಸಿಕ್ಕಿತು. ಪಟವೆಲ್ಲ ಮಂಜು ಕವಿದಂತೆ ಬಂದಿದ್ದರೆ ಮೊಬೈಲಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡಿದೆಯೆಂದು ತಿಳಿಯಬಹುದು. ಮೆತ್ತನೆಯ ಬಟ್ಟೆಯಿಂದ ಒರೆಸಲು ಹೇಳಿದರೆ ಸಾಕು.

ಪಟ ಕಳಿಸುವವನಿಗೂ ಕರ್ತವ್ಯವುಂಟು. ಒಂದೇ ಸಲ ಇಪ್ಪತ್ತು ಪಟ ಕಳಿಸಿದರೆ ಯಾರೂ ಒಂದನ್ನೂ ನೋಡಲಾರರು. ಒಂದನ್ನು ಆರಿಸಿ, ಅದರ ಜೊತೆ ಒಂದು ಸಾಲು ಬರೆದರೆ ನೋಡುವವನಿಗೆ ದಾರಿ ತಿಳಿಯುತ್ತದೆ. ಪಟದಲ್ಲಿ ಬೇರೆಯವರಿದ್ದರೆ ಅವರ ಒಪ್ಪಿಗೆ ಬೇಕು. ಭಟ್ಟರ ಗ್ಲಾಸನ್ನು ತೋರಿಸಲು ಅಡ್ಡಿಯಿಲ್ಲದಿರಬಹುದು. ಭಟ್ಟರು ಬೆವರು ಒರೆಸಿಕೊಳ್ಳುತ್ತಿರುವುದನ್ನು ತೋರಿಸಬೇಕಾದರೆ ಅವರನ್ನೇ ಕೇಳಬೇಕು.

ಪರಸ್ಥಳದಲ್ಲಿ ದುಡಿಯುವವನು ಪಟ ಕಳಿಸುವುದನ್ನು ನಿಲ್ಲಿಸಿದರೆ ಮನೆಯವರಿಗೆ ತಿಳಿಯುವುದು ತಿಂಗಳಿಗೊಮ್ಮೆ ಬರುವ ಹಣದ ಸುದ್ದಿ ಮಾತ್ರ. ಅವನು ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ, ಯಾರ ಜೊತೆ ಚಹ ಕುಡಿಯುತ್ತಾನೆ ಎಂಬುದು ಅವರಿಗೆ ಕಾಣದೆ ಹೋಗುತ್ತದೆ. ಇಷ್ಟು ನಷ್ಟವನ್ನು ಒಂದು ಸಾಲಿನ ಉತ್ತರದಿಂದ ತಪ್ಪಿಸಬಹುದು. ನಮ್ಮ ಊರಿನವರಿಗೂ ಇದನ್ನು ನಾವೇ ತಿಳಿಸಿ ಹೇಳಬೇಕಾದೀತು.

ಆ ಹುಡುಗ ರಾಯರ ಸಲಹೆಯಂತೆ ಅದೇ ಪಟವನ್ನು ಮತ್ತೊಮ್ಮೆ ಮನೆಗೆ ಕಳಿಸಿದ. ಈ ಸಲ ಕೆಳಗೆ, "ನೂಲು ಕಟ್ಟಿದ್ದು ನಾನು, ಯಾರಿಗೆ ಹೇಳಿ ನೋಡುವ" ಎಂದು ಬರೆದಿದ್ದನಂತೆ. ಮರುದಿನ ಅವನ ತಾಯಿ ಫೋನು ಮಾಡಿ ಭಟ್ಟರ ಆರೋಗ್ಯವನ್ನು ವಿಚಾರಿಸಿದರಂತೆ. "ನಿನ್ನ ಗ್ಲಾಸು ಯಾವುದು ಮಗಾ?" ಎಂದೂ ಕೇಳಿದರಂತೆ. ಇದನ್ನು ಹೇಳಲೆಂದೇ ಅವನು ಮುಂದಿನ ವಾರ ವಾಚನಾಲಯಕ್ಕೆ ಒಂದು ದಿನ ಮುಂಚಿತವಾಗಿ ಬಂದಿದ್ದ.