ರಿಸೀವರ್ ಬ್ಯಾಟರಿಯಲ್ಲಿ ಉಳಿತಾಯ ಬೇಡ

ನಮ್ಮ ಚಾಚಾನ ಮಗ ಎಂಜಿನಿಯರಿಂಗ್ ಓದುತ್ತಾರೆ. ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನ ಕಟ್ಟುವುದು ಅವರ ಹುಚ್ಚು. ಕಳೆದ ವರ್ಷ ಕಟ್ಟಿದ್ದು ದೊಡ್ಡದು: ರೆಕ್ಕೆ ಎರಡೂವರೆ ಮೀಟರ್, ತೂಕ 8 ಕೆ.ಜಿ., ಪೆಟ್ರೋಲ್ ಎಂಜಿನ್. ನಾನು ಕಾಮರ್ಸ್ ಅಲ್ಲವೇ, ಖರ್ಚಿನ ಲೆಕ್ಕ ನನಗೆ ಬಂತು. ನಾನು ಕತ್ತರಿ ಹಾಕಿದ್ದು ಬ್ಯಾಟರಿಗೆ.

ಜಮಖಂಡಿ ಹತ್ತಿರ ಕಬ್ಬು ಕಡಿದ ಹೊಲದ ಮೇಲೆ ವಿಮಾನ ಜೋರಾಗಿ ತಿರುಗಿತು. ಆಮೇಲೆ ಭಾಯ್ ಏನು ಮಾಡಿದರೂ ಮಾತು ಕೇಳಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಬದುವಿನ ಮೇಲೆ ಕೂತಿದ್ದ ಸಣ್ಣ ಹುಡುಗರಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬಿತ್ತು.

"ಪೆಟ್ರೋಲ್ ಇತ್ತಲ್ಲ, ಯಾಕೆ ಬಿತ್ತು?" ಎಂದು ಅಬ್ಬಾ ಕೇಳಿದರು. ಪೆಟ್ರೋಲ್ ಫ್ಯಾನ್ ತಿರುಗಿಸುತ್ತದೆ, ಅಷ್ಟೇ. ರಿಮೋಟಿನ ಮಾತು ಕೇಳುವ ರಿಸೀವರ್, ರೆಕ್ಕೆ ಬಾಲಗಳನ್ನು ಅಲುಗಿಸುವ ಸರ್ವೋ ಮೋಟಾರು ನಡೆಯುವುದು ಬ್ಯಾಟರಿಯಿಂದ. ಬನಹಟ್ಟಿಯಲ್ಲಿ ಕರೆಂಟ್ ಬಂದೊಡನೆ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಹಾಗೆಯೇ ಇಲ್ಲಿ. ತಿರುವಿನಲ್ಲಿ ಆರೇಳು ಸರ್ವೋ ಒಮ್ಮೆಲೇ ಕರೆಂಟ್ ಎಳೆದಾಗ ನಮ್ಮ ನಾಲ್ಕು ಸೆಲ್‌ಗಳ 4.8 ವೋಲ್ಟ್ ಕುಸಿಯಿತು. ವೋಲ್ಟೇಜ್ ತೀರಾ ಇಳಿದರೆ ರಿಸೀವರ್ ಬಂದಾಗಿ ಮತ್ತೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ವಿಮಾನ ಯಾರ ಕೈಯಲ್ಲೂ ಇರುವುದಿಲ್ಲ. ಸಾಲದ್ದಕ್ಕೆ ನಮ್ಮ ಸೆಲ್‌ಗಳು ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ಪೆಟ್ರೋಲ್ ಎಂಜಿನ್ನಿನ ನಡುಕಕ್ಕೆ ಅದು ತಡೆಯುವುದಿಲ್ಲ, ಬೆಸುಗೆ ಹಾಕಿದ ಪ್ಯಾಕೇ ಬೇಕು. ಬೆಳಿಗ್ಗೆ ಮೀಟರ್ ಇಟ್ಟಾಗ ವೋಲ್ಟೇಜ್ ಸರಿಯಾಗಿಯೇ ಇತ್ತು. ಆದರೆ ಭಾರವಿಲ್ಲದೆ ಅಳೆದ ಲೆಕ್ಕ ಅದು.

ಈಗ ಭಾಯ್ ಹಾಕಿರುವುದು ಎರಡು ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್. ಒಂದೊಂದರಲ್ಲಿ ಎರಡು ಸೆಲ್, 6.6 ವೋಲ್ಟ್. ಎರಡಕ್ಕೂ ಬೇರೆ ಬೇರೆ ಸ್ವಿಚ್, ಬೇರೆ ವೈರು. ಒಂದು ವೈರು ಕಡಿದರೆ ಇನ್ನೊಂದು ನಡೆಸುತ್ತದೆ. ಲಿಥಿಯಂ ಪಾಲಿಮರ್ ಹಗುರ, ಶಕ್ತಿಯೂ ಹೆಚ್ಚು. ಆದರೆ ಎರಡು ಸೆಲ್ ಪೂರ್ತಿ ಚಾರ್ಜ್ ಆದರೆ 8.4 ವೋಲ್ಟ್, ಅಷ್ಟನ್ನು ತಾಳುವ ಸರ್ವೋ ಇಲ್ಲವಾದರೆ ನಡುವೆ ರೆಗ್ಯುಲೇಟರ್ ಬೇಕು. ಅದೂ ಕೈಕೊಡಬಹುದಾದ ಇನ್ನೊಂದು ವಸ್ತು. ಪೆಟ್ಟು ಬಿದ್ದರೆ ಉಬ್ಬುತ್ತದೆ, ಬೆಂಕಿಯ ಭಯವೂ ಹೆಚ್ಚು. ಯಾವುದೇ ಪ್ಯಾಕ್ ಕೊಳ್ಳುವ ಮುಂಚೆ ಸರ್ವೋ ಎಷ್ಟು ವೋಲ್ಟ್ ತಾಳುತ್ತದೆ ಎಂದು ಓದಲೇಬೇಕು.

ಐರನ್ ಫಾಸ್ಫೇಟಿಗೂ ಒಂದು ಚಾಳಿ ಇದೆ. ಖಾಲಿಯಾಗುವವರೆಗೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ತೋರಿಸಿ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಹಾಗಾಗಿ ಪ್ರತಿ ಸಲ ಚಾರ್ಜರ್ ಎಷ್ಟು ಮಿಲಿಆಂಪ್ ಅವರ್ ತುಂಬಿತು ಎಂದು ನಾನು ಬರೆದಿಡುತ್ತೇನೆ. 2100ರ ಪ್ಯಾಕಿನಲ್ಲಿ ಅರ್ಧ ಖರ್ಚಾಗುವ ಮೊದಲೇ ಹಾರಾಟ ನಿಲ್ಲಿಸುತ್ತೇವೆ. ಚಾರ್ಜರನ್ನು ಆಯಾ ಬ್ಯಾಟರಿಯ ಮೋಡಿಗೇ ಇಡಬೇಕು, ಪಾಲಿಮರ್ ಮೋಡಿನಲ್ಲಿಟ್ಟರೆ ಇದಕ್ಕೆ ಮಿತಿ ಮೀರಿ ತುಂಬುತ್ತದೆ. ಮೊಬೈಲಿನಂತೆ ಹಾಸಿಗೆ ಮೇಲೆ ರಾತ್ರಿಯಿಡೀ ಬಿಡುವಂತಿಲ್ಲ. ಅಮ್ಮಿ ಅಂಗಳದ ಫರಸಿಯ ಮೇಲೆ ಜಾಗ ಕೊಟ್ಟಿದ್ದಾರೆ.

ಎರಡು ಪ್ಯಾಕ್, ಎರಡು ಸ್ವಿಚ್ ಸೇರಿ ವಿಮಾನದ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಬಿದ್ದ ವಿಮಾನದ ಹಳೆಯ ಸೆಲ್‌ಗಳನ್ನು ನಾನು ಆಸ್ತಿಯ ಕಡೆ ಬರೆದಿದ್ದೆ. ಭಾಯ್ ಅದಕ್ಕೆ ಗೀಟು ಎಳೆದರು. ಅದರಲ್ಲೊಂದು ಈಗ ನಮ್ಮ ಗೋಡೆ ಗಡಿಯಾರದಲ್ಲಿದೆ.