ನಾಯಿಯ ತೇಕು ಮತ್ತು ಬೇಸಗೆಯ ಬಿಸಿ

ವೈಶಾಖದ ನಡುಹಗಲಿನಲ್ಲಿ ನೆರಳು ಹುಡುಕಿ ಮಲಗಿದ ನಾಯಿ ನಾಲಗೆಯನ್ನು ಹೊರಚಾಚಿ ತೇಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕೇವಲ ಆಯಾಸದ ಲಕ್ಷಣವಲ್ಲ. ನಮಗೆ ಬೆವರು ಹೇಗೋ ನಾಯಿಗೆ ತೇಕು ಹಾಗೆ. ಅದರ ಅಂಗಾಲುಗಳಲ್ಲಿ ಬೆವರಿನ ಗ್ರಂಥಿಗಳಿದ್ದರೂ ಅವುಗಳಿಂದ ಮೈ ತಣಿಯುವುದು ಅತ್ಯಲ್ಪ.

ನಾಯಿಯ ಮೈಯ ಸಹಜ ಉಷ್ಣತೆ ಸುಮಾರು 38.5 ಡಿಗ್ರಿ ಸೆಂಟಿಗ್ರೇಡ್. ಸುತ್ತಲಿನ ಗಾಳಿ ಇದಕ್ಕಿಂತ ತಂಪಾಗಿರುವವರೆಗೆ ಮೈಯ ಶಾಖ ತಾನಾಗಿಯೇ ಹೊರಕ್ಕೆ ಹರಿಯುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಉಷ್ಣತೆ 40 ಡಿಗ್ರಿಯನ್ನು ದಾಟಿದಾಗ ಈ ಹರಿವು ತಿರುಗಿ, ಗಾಳಿಯ ಶಾಖವೇ ಮೈಗೆ ಬರತೊಡಗುತ್ತದೆ. ಆಗ ಉಳಿಯುವ ದಾರಿ ಆವೀಕರಣವೊಂದೇ. ನಾಲಗೆ, ಬಾಯಿ, ಮೂಗುಗಳ ತೇವದಲ್ಲಿ 1 ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ನಾವು ಲೆಕ್ಕ ಹಾಕಿದರೆ, 20 ಕಿಲೋಗ್ರಾಂ ತೂಕದ ನಾಯಿಯ ಮೈ 1 ಡಿಗ್ರಿ ತಣಿಯಲು ಸುಮಾರು 30 ಗ್ರಾಂ ನೀರು ಆವಿಯಾದರೆ ಸಾಕು.

ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆವೀಕರಣ ಕುಂಠಿತವಾಗುತ್ತದೆ. ಆದುದರಿಂದಲೇ ಉಷ್ಣಮಾಪಕ 34 ಡಿಗ್ರಿಯನ್ನಷ್ಟೇ ತೋರಿಸುವ ಮಂಗಳೂರಿನಲ್ಲಿಯೂ ಅಪಾಯವುಂಟು. ಬಿಸಿಲಿನಲ್ಲಿ ನಿಲ್ಲಿಸಿ ಮುಚ್ಚಿದ ಕಾರಿನಲ್ಲಿ ಎರಡು ಕೇಡುಗಳೂ ಕೂಡುತ್ತವೆ: ಒಳಗಿನ ಉಷ್ಣತೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ನಾಯಿಯ ಉಸಿರೇ ಅಲ್ಲಿನ ಗಾಳಿಯನ್ನು ತೇವಗೊಳಿಸುತ್ತದೆ. ಕಿಟಕಿಯನ್ನು ಒಂದೆರಡು ಅಂಗುಲ ತೆರೆದಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಪಗ್, ಬುಲ್‌ಡಾಗ್ ಮೊದಲಾದ ಮೊಂಡುಮೂಗಿನ ತಳಿಗಳು ಶ್ವಾಸಮಾರ್ಗದ ಇಕ್ಕಟ್ಟಿನಿಂದಾಗಿ ಬೇಗ ಸೋಲುತ್ತವೆ.

ನೆರಳಿಗೆ ಬಂದ ಮೇಲೂ ತಗ್ಗದ ತೇಕು, ಅಂಟಂಟಾದ ಜೊಲ್ಲು, ಕಡುಗೆಂಪೇರಿದ ವಸಡು ಇವು ಮೊದಲ ಎಚ್ಚರಿಕೆಗಳು. ವಾಂತಿ, ತೂರಾಟ, ಎಚ್ಚರ ತಪ್ಪುವಿಕೆ ಕಂಡರೆ ಪ್ರಾಣಾಪಾಯವೆಂದೇ ತಿಳಿಯಬೇಕು. ಮೈಯ ಉಷ್ಣತೆ 41 ಡಿಗ್ರಿಯನ್ನು ಮೀರಿದರೆ ಒಳಗಿನ ಅಂಗಗಳು ಹಾನಿಗೊಳ್ಳಬಹುದು.

ಆಗ ನಾವು ಮೊದಲು ತಣಿಸಬೇಕು, ಅನಂತರ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾಯಿಯನ್ನು ನೆರಳಿಗೆ ತಂದು, ಮೈತುಂಬ ತಣ್ಣೀರು ಸುರಿದು, ಬೀಸಣಿಗೆಯಿಂದಲಾದರೂ ಗಾಳಿ ಹಾಕಬೇಕು. ಬೀಸುವ ಗಾಳಿ ಚರ್ಮಕ್ಕೆ ಅಂಟಿನಿಂತ ತೇವದ ಗಾಳಿಯನ್ನು ಸರಿಸಿ ಆವೀಕರಣವನ್ನು ಚುರುಕುಗೊಳಿಸುತ್ತದೆ. ಒದ್ದೆ ಬಟ್ಟೆಯನ್ನು ಹೊದಿಸಿ ಬಿಡುವುದು ಸರಿಯಲ್ಲ. ಅದು ಬೇಗನೆ ಬೆಚ್ಚಗಾಗಿ ಶಾಖವನ್ನು ಒಳಗೇ ತಡೆಯುತ್ತದೆ. ಎಚ್ಚರವಿರುವ ನಾಯಿಗೆ ಕುಡಿಯಲು ನೀರಿಡಬಹುದು. ಬಲವಂತವಾಗಿ ಬಾಯಿಗೆ ಸುರಿಯಬಾರದು. ಉಷ್ಣತೆ 39.5 ಡಿಗ್ರಿಗೆ ಇಳಿದೊಡನೆ ತಣಿಸುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಅದು ಸಹಜಕ್ಕಿಂತ ಕೆಳಗಿಳಿಯಬಹುದು.

ನಾಯಿ ಎದ್ದು ಓಡಾಡತೊಡಗಿದರೂ ವೈದ್ಯಪರೀಕ್ಷೆಯನ್ನು ಬಿಡಲಾಗದು. ಮೂತ್ರಪಿಂಡ ಮೊದಲಾದ ಅಂಗಗಳಿಗೆ ಒದಗಿದ ಹಾನಿ ಒಂದೆರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುವುದುಂಟು.